ವ್ಯಾಕರಣ ಪಿರಿಯಡ್ಡಲ್ಲಿ ಆಟ ಆಡ್ಸೋದು ಹೇಗೆ (ಪ್ರೈಮರಿ ಕ್ಲಾಸಿನ ಟೀಚರ್‌ಗಳಿಗೆ, ಮನೇಲಿ ಹೇಳ್ಕೊಡೋರಿಗೂ)

ವ್ಯಾಕರಣಕ್ಕೆ ಆಟ ಅಂದ ತಕ್ಷಣ ತುಂಬಾ ಜನ ಮಾಡೋದು ಏನಂದ್ರೆ ಒಂದು ಹಾವು ಏಣಿ ಪಟ ಬರೆದು, ದಾಳ ಹಾಕ್ಸಿ, ಕಾಯಿ ನಿಂತ ಮನೇಲಿ "ನಾಮಪದ ಎಂದರೇನು?" ಅಂತ ಕೇಳೋದು. ಉತ್ತರ ಬಂದ್ರೆ ಮುಂದೆ ಹೋಗು, ಬರ್ಲಿಲ್ಲ ಅಂದ್ರೆ ಅಲ್ಲೇ ಇರು. ಮಕ್ಕಳಿಗೆ ಖುಷಿ ಆಗುತ್ತೆ, ಸುಳ್ಳಲ್ಲ, ಆದ್ರೆ ಆ ಖುಷಿ ಪೂರ್ತಿ ದಾಳದ್ದು, ವ್ಯಾಕರಣ ಬಂದಾಗೆಲ್ಲ ಆಟ ನಿಂತು ಎಲ್ಲರ ಮುಖ ಸಪ್ಪಗಾಗುತ್ತೆ. ಇದು ಆಟ ಅಲ್ಲ, ಮೌಖಿಕ ಪರೀಕ್ಷೆಗೆ ದಾಳ ಅಂಟಿಸಿದ್ದು ಅಷ್ಟೇ.

ಅದಕ್ಕೆ ಯಾವ ಆಟ ಆರಿಸೋಕೂ ಮುಂಚೆ ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಇದ್ರಿಂದ ವ್ಯಾಕರಣ ಕಿತ್ತು ಹಾಕಿದ್ರೂ ಆಟ ನಡೆಯುತ್ತಾ? ನಡೆಯುತ್ತೆ ಅನ್ನೋದಾದ್ರೆ ಬಿಟ್ಬಿಡಿ. ಹಾವು ಏಣಿಯಿಂದ ಪ್ರಶ್ನೆ ತೆಗೆದ್ರೆ ಆಟ ಇನ್ನೂ ಚೆನ್ನಾಗೇ ನಡೆಯುತ್ತೆ! ಪ್ರತ್ಯಯ (ಪದದ ಬಾಲಕ್ಕೆ ಅಂಟೋ ಅನ್ನು, ಇಂದ, ಗೆ ಥರದ್ದು) ಸರಿಯಾಗಿ ಹಾಕದೇ ಇದ್ರೆ ಗೆಲ್ಲೋಕೇ ಆಗಲ್ಲ, ಅಥವಾ ಪ್ರತ್ಯಯ ಬದಲಾದ ಕೂಡ್ಲೇ ಆಟದ ಗತಿಯೇ ಬದಲಾಗುತ್ತೆ, ಅಂಥದ್ದು ಬೇಕು ನಮಗೆ. ಕೆಳಗೆ ಬರೆದಿರೋ ಆಟಗಳೆಲ್ಲ ಈ ಜರಡಿಲಿ ಸೋಸಿದ್ದೇ.

ಇನ್ನೊಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಆರು ವರ್ಷದ ಮಗು "ಅಮ್ಮ ಬಂದ" ಅಂತ ಯಾವತ್ತೂ ಅನ್ನಲ್ಲ, "ಅಮ್ಮ ಬಂದ್ಳು" ಅಥವಾ "ಬಂದ್ರು" ಅಂತಾನೇ ಅನ್ನುತ್ತೆ. ಲಿಂಗ, ವಚನ, ವಿಭಕ್ತಿ, ಕಾಲ ಎಲ್ಲವೂ ಆ ಮಗುವಿನ ನಾಲಿಗೆ ಮೇಲೆ ಆಗ್ಲೇ ಇದೆ, ಶಾಲೆಗೆ ಬರೋ ಹೊತ್ತಿಗೆ ಮುಕ್ಕಾಲು ಪಾಲು ಕಲಿತೇ ಬಂದಿರುತ್ತೆ. ಮನೇಲಿ ಬೇರೆ ಭಾಷೆ ಇರೋ ಮಕ್ಕಳ ವಿಷಯ ಬೇರೆ, ಅದಕ್ಕೆ ಆಮೇಲೆ ಬರ್ತೀನಿ. ಹಾಗಾಗಿ ನಾವು ಮಾಡ್ಬೇಕಾಗಿರೋದು ಮೂರೇ ಕೆಲಸ, ಗೊತ್ತಿರೋದನ್ನ ಗಮನಿಸೋ ಹಾಗೆ ಮಾಡೋದು, ಮಾತಿನ ರೂಪದಿಂದ ಬರಹದ ರೂಪಕ್ಕೆ ದಾಟಿಸೋದು, ಕೊನೇಲಿ ಅದಕ್ಕೊಂದು ಹೆಸರು ಕೊಡೋದು. ಹೆಸರು ಕೊನೇಲಿ ಅನ್ನೋದು ಮುಖ್ಯ. "ದ್ವಿತೀಯಾ ವಿಭಕ್ತಿ" ಅನ್ನೋ ಮಾತು ಆಟ ಮುಗಿಯೋವರೆಗೂ ನಿಮ್ಮ ಬಾಯಿಂದ ಬರಬಾರದು.

ಮೊದಲ ಆಟ: ನಿಂತ ವಾಕ್ಯ

ಒಂದೇ ಆಟ ಆಡ್ಸೋಕೆ ಟೈಮ್ ಇದೆ ಅಂದ್ರೆ ಇದನ್ನೇ ಆಡ್ಸಿ, ಮೂರನೇ ಕ್ಲಾಸಿಂದ ಮೇಲಕ್ಕೆ ಚೆನ್ನಾಗಿ ನಡೆಯುತ್ತೆ.

ನಾಲ್ಕು ದೊಡ್ಡ ಕಾರ್ಡ್ ಬರೀರಿ: ನಾಯಿ, ಬೆಕ್ಕು, ಓಡಿಸಿತು, ಇವು ಮೂರೂ ಒಂದೇ ಬಣ್ಣದಲ್ಲಿ. ನಾಲ್ಕನೇದು "ಅನ್ನು", ಅದು ಮಾತ್ರ ಬೇರೆ ಬಣ್ಣ. ನಾಲ್ಕು ಮಕ್ಕಳನ್ನ ಮುಂದೆ ಕರೆದು ಒಂದೊಂದು ಕಾರ್ಡ್ ಕೊಡಿ. "ಅನ್ನು" ಹಿಡಿದ ಮಗುಗೆ ಒಂದು ನಿಯಮ, ಅದು ಒಂಟಿಯಾಗಿ ನಿಲ್ಲೋ ಹಾಗಿಲ್ಲ, ಯಾರದಾದ್ರೂ ಹೆಗಲು ಹಿಡ್ಕೊಂಡೇ ಇರ್ಬೇಕು, ಅವರು ಎಲ್ಲಿಗೆ ಹೋದ್ರೂ ಅದೂ ಹಿಂದೆ ಹೋಗ್ಬೇಕು. ಮೊದಲು ಬೆಕ್ಕಿನ ಹೆಗಲು ಹಿಡೀಲಿ. ನಾಯಿ, ಬೆಕ್ಕು + ಅನ್ನು, ಓಡಿಸಿತು. ಕೂತಿರೋ ಮಕ್ಕಳು ಓದ್ಬೇಕು, ಇಬ್ಬರು ಎದ್ದು ಅದನ್ನ ಮಾಡಿ ತೋರಿಸ್ಬೇಕು, ಯಾರು ಯಾರನ್ನ ಓಡಿಸಿದ್ದು ಅಂತ.

ಈಗ ಜಾಗ ಬದಲಾಯಿಸಿ. ಬೆಕ್ಕು (ಅನ್ನು ಸಮೇತ) ಮುಂದೆ ಬರ್ಲಿ, ನಾಯಿ ಹಿಂದೆ ಹೋಗ್ಲಿ. ಬೆಕ್ಕನ್ನು ನಾಯಿ ಓಡಿಸಿತು. ಯಾರು ಓಡಿದ್ರು? ಬೆಕ್ಕೇ. ಓಡಿಸಿತು ಅನ್ನೋ ಮಗುನ ಮೊದಲಿಗೆ ತಂದು ನಿಲ್ಸಿ: ಓಡಿಸಿತು ನಾಯಿ ಬೆಕ್ಕನ್ನು. ಸ್ವಲ್ಪ ಪದ್ಯದ ಥರ ಕೇಳ್ಸುತ್ತೆ, ಮಕ್ಕಳು ನಗ್ತಾರೆ, ಆದ್ರೆ ಈಗ್ಲೂ ಓಡಿದ್ದು ಬೆಕ್ಕೇ. ಏನು ಮಾಡಿದ್ರೂ ಬೆಕ್ಕೇ ಓಡುತ್ತಲ್ಲ ಅಂತ ಅವರಿಗೇ ಅನ್ನಿಸೋವರೆಗೂ ಜಾಗ ಬದಲಾಯಿಸ್ತಾ ಇರಿ. ಆಮೇಲೆ ಎಲ್ಲರನ್ನೂ ಇದ್ದಲ್ಲೇ ನಿಲ್ಸಿ, "ಅನ್ನು" ಮಗುಗೆ ಮಾತ್ರ ಹೇಳಿ, ಬೆಕ್ಕನ್ನ ಬಿಟ್ಟು ನಾಯಿ ಹೆಗಲು ಹಿಡ್ಕೋ. ಬೇರೆ ಯಾರೂ ಅಲ್ಲಾಡಿಲ್ಲ, ಆದ್ರೆ ಈಗ ಬೆಕ್ಕು ನಾಯಿಯನ್ನ ಓಡಿಸ್ತಾ ಇದೆ! ಕಥೆ ತಿರುಗಿಸಿದ್ದು ಒಂದು ಪುಟ್ಟ "ಅನ್ನು" ಅಂತ ನೀವು ವಿವರಿಸೋದೇ ಬೇಡ, ಕ್ಲಾಸಿಗೆ ಕ್ಲಾಸೇ ಕೂಗುತ್ತೆ.

ಇಲ್ಲಿ ಇನ್ನೊಂದು ಒಳ್ಳೇ ಸಂಗತಿ ತಾನಾಗೇ ಎದುರಾಗುತ್ತೆ. ಮಕ್ಕಳು ಓದುವಾಗ "ಬೆಕ್ಕು ಅನ್ನು" ಅನ್ನಲ್ಲ, ಬೆಕ್ಕನ್ನು ಅಂತಾರೆ. ಕೊಂಬು ಎಲ್ಲಿ ಹೋಯ್ತು? ಕೊಂಬು ಮರೆಯಾಗೋ ಹಾಗೆ ಕಾರ್ಡ್ ಮಡಚೋಕೆ ಹೇಳಿ. ನಾಯಿ ಹತ್ರ ಹೋದಾಗ "ನಾಯಿಯನ್ನು" ಅಂತಾರೆ, ಮಧ್ಯೆ ಆ "ಯ" ಎಲ್ಲಿಂದ ಬಂತು? ಇದಕ್ಕೇ ಅಂತ ಪಕ್ಕದಲ್ಲಿ ಇಬ್ಬರನ್ನ ಕೂರಿಸಿರಿ, ಒಬ್ಬರ ಕೈಯಲ್ಲಿ "ಯ", ಇನ್ನೊಬ್ಬರ ಕೈಯಲ್ಲಿ "ವ". ಪದ ಮತ್ತು ಪ್ರತ್ಯಯ ಸೇರೋ ಹೊತ್ತಿಗೆ ಯಾರು ಬೇಕೋ ಅವರು ಓಡಿ ಬಂದು ಮಧ್ಯೆ ತೂರ್ಕೋಬೇಕು. ಹಸು ಬಂದ್ರೆ "ವ" ಓಡಿ ಬರ್ಬೇಕು, ಆನೆ ಬಂದ್ರೆ "ಯ", ಬೆಕ್ಕು ಬಂದ್ರೆ ಇಬ್ಬರೂ ಕೂತಲ್ಲೇ ಕೂರ್ಬೇಕು, ಕಾರ್ಡ್ ಮಡಚಿದ್ರೆ ಸಾಕು. ಲೋಪ ಸಂಧಿ, ಆಗಮ ಸಂಧಿ ಅಂತ ಮುಂದೆ ಪಾಠ ಬಂದಾಗ "ಅಯ್ಯೋ ಇದು ಆ ಆಟ" ಅಂತಾರೆ, ಅಷ್ಟಾದ್ರೆ ಅರ್ಧ ಕೆಲಸ ಮುಗೀತು.

ದೊಡ್ಡ ಮಕ್ಕಳಿದ್ರೆ ಒಂದು ಹೆಜ್ಜೆ ಮುಂದೆ ಹೋಗ್ಬಹುದು. ಹಸು, ಮಗು, ಕರು, ಗುರು ಬಂದಾಗ "ವ" ಬರುತ್ತೆ, ಬೆಕ್ಕು, ಊರು, ಕಾಲು, ಹಲ್ಲು ಬಂದಾಗ ಕೊಂಬು ಹೋಗುತ್ತೆ. ಎಲ್ಲವೂ ಉಕಾರದಲ್ಲೇ ಮುಗಿಯೋದು, ಆದ್ರೂ ಯಾಕೆ ಹೀಗೆ? ಎರಡು ಪಟ್ಟಿ ಬೋರ್ಡ್ ಮೇಲೆ ಬರೆದು ಬಿಟ್ಬಿಡಿ, ಉತ್ತರ ಹೇಳ್ಬೇಡಿ. ಜೋರಾಗಿ ಓದ್ತಾ ಓದ್ತಾ ಯಾರೋ ಒಬ್ಬರಿಗೆ ಹೊಳೆಯುತ್ತೆ, ಮೊದಲ ಪಟ್ಟಿಲಿ ಮೊದಲಕ್ಷರ ಪುಟ್ಟದು, ಪಟ್ಟನೆ ಮುಗಿಯುತ್ತೆ, ಎರಡನೇದ್ರಲ್ಲಿ ಒಂದೋ ದೀರ್ಘ ಇದೆ ಇಲ್ಲಾ ಒತ್ತಕ್ಷರ ಇದೆ ಅಂತ.

ಇದೇ ಆಟಕ್ಕೆ ಇಂದ, ಗೆ, ಅಲ್ಲಿ ಸೇರಿಸ್ತಾ ಹೋಗಿ. "ಕೋತಿ ಮನೆ__ ಓಡಿತು", ಪ್ರತ್ಯಯದ ಮಕ್ಕಳು ಮೂವರೂ ಒಬ್ಬೊಬ್ಬರಾಗಿ ಬಂದು ಮನೆಯ ಹೆಗಲು ಹಿಡೀಲಿ. ಮನೆಗೆ ಓಡಿತು, ಮನೆಯಿಂದ ಓಡಿತು, ಮನೆಯಲ್ಲಿ ಓಡಿತು, ಮೂರೂ ಸರಿ, ಆದ್ರೆ ಕೋತಿ ಆಗಿರೋ ಮಗು ಮೂರು ಸಲ ಮೂರು ದಿಕ್ಕಿಗೆ ಓಡ್ಬೇಕು. ಪಂಚಮೀ ವಿಭಕ್ತಿಯ "ದೆಸೆಯಿಂದ" ಮಾತ್ರ ಆಟಕ್ಕೆ ತರ್ಬೇಡಿ. ಅದು ಮಕ್ಕಳ ಮಾತಲ್ಲಿ ಎಲ್ಲೂ ಬರಲ್ಲ, ದೊಡ್ಡವರ ಮಾತಲ್ಲೂ ಬರಲ್ಲ ಬಿಡಿ, ಪುಸ್ತಕದ ಕೋಷ್ಟಕದಲ್ಲಿ ಬಂದಾಗ ನೋಡ್ಕೊಂಡ್ರಾಯ್ತು.

ಇಂಗ್ಲಿಷ್ ಪಾಠ ಮಾಡೋರಿಗೂ ಈ ಆಟ ಬೇಕು, ಆದ್ರೆ ಅಲ್ಲಿ ಅದು ಉಲ್ಟಾ ಹೊಡೆಯುತ್ತೆ. ಡಾಗ್, ಚೇಸ್ಡ್, ಕ್ಯಾಟ್ ಅಂತ ಮೂವರನ್ನ ನಿಲ್ಸಿ ಡಾಗ್ ಮತ್ತು ಕ್ಯಾಟ್ ಜಾಗ ಬದಲಾಯಿಸಿದ್ರೆ ಸಾಕು, ಕಥೆಯೇ ಬದಲಾಗುತ್ತೆ, ಯಾಕಂದ್ರೆ ಅಲ್ಲಿ "ಅನ್ನು" ಮಾಡೋ ಕೆಲಸವನ್ನ ನಿಂತ ಜಾಗವೇ ಮಾಡುತ್ತೆ. ಎರಡೂ ಭಾಷೆಲಿ ಒಂದೇ ವಾರ ಆಡ್ಸಿದ್ರೆ ಮಕ್ಕಳಿಗೆ ಸಿಗೋ ತಿಳುವಳಿಕೆ ಎರಡೂ ವ್ಯಾಕರಣ ಪುಸ್ತಕ ಸೇರಿಸಿದ್ರೂ ಸಿಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಇಲ್ಲದ ಪ್ರಾಣಿ

1958ರಲ್ಲಿ ಜೀನ್ ಬರ್ಕೋ ಅನ್ನೋ ಭಾಷಾವಿಜ್ಞಾನಿ ಚಿಕ್ಕ ಮಕ್ಕಳಿಗೆ ಹಕ್ಕಿ ಥರದ ಒಂದು ಪ್ರಾಣಿ ಚಿತ್ರ ತೋರ್ಸಿ "ಇದು ವಗ್" ಅಂದ್ರು, ಆಮೇಲೆ ಎರಡಿರೋ ಚಿತ್ರ ತೋರ್ಸಿ ಇವು ಎರಡು ಏನು ಅಂತ ಕೇಳಿದ್ರು. ವಗ್ ಅನ್ನೋದು ಭೂಮಿ ಮೇಲೆ ಇಲ್ಲ, ಆ ಪದವನ್ನ ಯಾರೂ ಕೇಳಿರೋಕೇ ಸಾಧ್ಯ ಇಲ್ಲ, ಆದ್ರೂ ಮಕ್ಕಳು ಬಹುವಚನ ಮಾಡಿ ಹೇಳಿದ್ರು. ಅಂದ್ರೆ ಮಕ್ಕಳು ಒಂದೊಂದು ಪದನೂ ಬಾಯಿಪಾಠ ಮಾಡಿ ಕಲಿಯಲ್ಲ, ನಿಯಮನೇ ಒಳಗೆ ಇಳಿದಿರುತ್ತೆ ಅಂತ ಅದ್ರಿಂದ ಗೊತ್ತಾಯ್ತು. ಅದು ಪ್ರಯೋಗ, ನಮಗೆ ಇದಕ್ಕಿಂತ ಒಳ್ಳೇ ಆಟ ಸಿಗಲ್ಲ, ಮತ್ತೆ ಕನ್ನಡದಲ್ಲಂತೂ ಇದು ಇಂಗ್ಲಿಷಿಗಿಂತ ಹತ್ತು ಪಟ್ಟು ಮಜಾ, ಯಾಕಂದ್ರೆ ನಮ್ಮಲ್ಲಿ ಪದದ ಬಾಲಕ್ಕೆ ಅಂಟೋದು ಜಾಸ್ತಿ.

ಬೋರ್ಡ್ ಮೇಲೆ ಒಂದು ವಿಚಿತ್ರ ಪ್ರಾಣಿ ಬರೀರಿ, ನಾಲ್ಕು ಕಾಲು, ಎರಡು ಕೊಂಬು, ಒಂದೇ ಕಣ್ಣು. ಹೆಸರು "ಮೋಪ". ಚಿತ್ರ ಎಷ್ಟು ಕೆಟ್ಟದಾಗಿ ಬಂದ್ರೆ ಅಷ್ಟು ಒಳ್ಳೇದು. ಈಗ ವಾಕ್ಯ ಅರ್ಧ ಹೇಳಿ ನಿಲ್ಸಿ, ಮಕ್ಕಳು ತುಂಬ್ಲಿ. ಇಲ್ಲಿ ಒಂದು ಮೋಪ ಇದೆ, ಅಲ್ಲಿ ತುಂಬಾ...? ಮೋಪಗಳು. ನಾನು ಕಾಡಲ್ಲಿ ಒಂದು...? ಮೋಪವನ್ನು ನೋಡಿದೆ. ಪಾಪ, ...? ಮೋಪಕ್ಕೆ ಹಸಿವಾಗಿದೆ. ಎಲ್ಲರೂ ಒಟ್ಟಿಗೆ, ಯೋಚ್ನೆ ಮಾಡ್ದೇ ಹೇಳ್ತಾರೆ.

ಆಮೇಲೆ ಪಕ್ಕದಲ್ಲಿ ಇನ್ನೊಂದು ಚಿತ್ರ ಬರೀರಿ, ಪ್ಯಾಂಟ್ ಶರ್ಟ್ ಹಾಕಿ, ಮೀಸೆ ಬಿಟ್ಟು ನಿಂತಿರೋ ಮನುಷ್ಯ. ಇವನ ಹೆಸರೂ ಮೋಪ. ಪಾಪ, ...? ಈಗ "ಮೋಪಕ್ಕೆ" ಅಂತ ಯಾರೂ ಅನ್ನಲ್ಲ, "ಮೋಪನಿಗೆ ಹಸಿವಾಗಿದೆ" ಅಂತಾರೆ. ಮೋಪದಿಂದ ಇದ್ದಿದ್ದು ಮೋಪನಿಂದ ಆಗುತ್ತೆ, ಮೋಪವನ್ನು ಇದ್ದಿದ್ದು ಮೋಪನನ್ನು ಆಗುತ್ತೆ. ಹೆಸರು ಅದೇ, ಮೀಸೆ ಬಂದ ಮೇಲೆ ಪ್ರತ್ಯಯ ಸೇರೋ ರೀತಿಯೇ ಬದಲಾಯ್ತು! ಇದನ್ನ ಯಾರು ಹೇಳ್ಕೊಟ್ರು ನಿಮಗೆ ಅಂತ ಕೇಳಿ, ಒಬ್ಬರಿಗೊಬ್ಬರು ಮುಖ ನೋಡ್ಕೋತಾರೆ. ಜಡೆ ಹಾಕಿ ಹುಡುಗಿ ಬರೆದ್ರೆ ಕೆಲವರು ಮೋಪಳಿಗೆ ಅಂತಾರೆ, ಕೆಲವರು ಮೋಪಂಗೆ ಅಂತಾರೆ, ಜಗಳ ಆದ್ರೆ ಆಗ್ಲಿ, ಆ ಜಗಳವೇ ವ್ಯಾಕರಣ. ಇನ್ನು ಮಂಗ ಅನ್ನೋ ಪದ ಕೊಟ್ಟು ನೋಡಿ, "ಮಂಗಕ್ಕೆ" ಮತ್ತೆ "ಮಂಗನಿಗೆ" ಎರಡೂ ಬರುತ್ತೆ. ಮಂಗನ ಕೈಯಲ್ಲಿ ಮಾಣಿಕ್ಯ ಅಂತೀವಿ, ಮಂಗದ ಕೈಯಲ್ಲಿ ಅನ್ನಲ್ಲ, ಮಂಗನ್ನ ನಾವು ಪೂರ್ತಿ ಪ್ರಾಣಿ ಅಂತ ಒಪ್ಪಿಲ್ಲ ಅನ್ಸುತ್ತೆ.

ಎರಡನೇ ದಿನ ಮಕ್ಕಳೇ ಪ್ರಾಣಿ ಮಾಡ್ಲಿ, ಹೆಸರಿಡ್ಲಿ. ಒಂದೇ ಷರತ್ತು, ಹೆಸರು ಒಬ್ಬೊಬ್ಬರದು ಒಂದೊಂದು ಸ್ವರದಲ್ಲಿ ಮುಗೀಬೇಕು: ಟಿಂಬು, ಲೂಮೆ, ಗೀಚಿ, ಹೀಗೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಪ್ರಾಣಿ ಬಗ್ಗೆ ಐದು ವಾಕ್ಯ ಬರೀಬೇಕು, ಐದರಲ್ಲೂ ಹೆಸರಿನ ಬಾಲ ಬೇರೆ ಬೇರೆ ಇರ್ಬೇಕು. ಟಿಂಬನ್ನು, ಟಿಂಬಿಗೆ, ಟಿಂಬಿನಿಂದ, ಲೂಮೆಯನ್ನು, ಲೂಮೆಗೆ, ಲೂಮೆಯಿಂದ. ಇದು ಪೂರ್ತಿ ವಿಭಕ್ತಿ ಕೋಷ್ಟಕವೇ, ಆದ್ರೆ ಯಾರೂ ಅದನ್ನ ಉರು ಹೊಡೆದಿಲ್ಲ.

ಮನೇಲಿ ಬೇರೆ ಭಾಷೆ ಮಾತಾಡೋ ಮಕ್ಕಳಿಗೆ ಈ ಆಟ ಕಷ್ಟ, ಅವರ ಕಿವೀಲಿ ನಿಯಮ ಇನ್ನೂ ಕೂತಿರಲ್ಲ. ಅಂಥವರಿಗೆ ಮೊದಲು ನಿಜವಾದ ಪದಗಳಲ್ಲಿ ಆಡ್ಸಿ, ಮರ, ಮೊಲ, ಮನೆ, ಹಸು ಅಂತ, ಒಂದು ಸಲ ನೀವು ಹೇಳಿ ಒಂದು ಸಲ ಅವರು ಹೇಳ್ಲಿ, ಮತ್ತೆ ಜೋಡಿ ಮಾಡುವಾಗ ಮನೇಲಿ ಕನ್ನಡ ಇರೋ ಮಗು ಪಕ್ಕ ಕೂರ್ಸಿ. ಅವರನ್ನ ಒಂಟಿಯಾಗಿ ಎದ್ದು ನಿಲ್ಸಿ ಮೋಪಕ್ಕೋ ಮೋಪನಿಗೋ ಅಂತ ಕೇಳೋದು ಶಿಕ್ಷೆ ಕೊಟ್ಟ ಹಾಗೆ.

ಕ್ರಿಯಾಪದದ ಬಾಲಕ್ಕೆ ಎರಡು ಆಟ

ಒಂದನೇ ಎರಡನೇ ಕ್ಲಾಸಿನವರಿಗೆ ಕಾರ್ಡ್ ಗೀರ್ಡ್ ಏನೂ ಬೇಡ. ಒಂದು ಮಗುಗೆ ಕಾಗದದ ಕಿರೀಟ ಹಾಕಿ. ನೀವು "ನಿಲ್ಲು" ಅಂದ್ರೆ ಕಿರೀಟದ ಮಗು ಮಾತ್ರ ನಿಲ್ಬೇಕು, "ನಿಲ್ಲಿ" ಅಂದ್ರೆ ಎಲ್ಲರೂ. ಕೂರು, ಕೂರಿ. ನಗು, ನಗಿ. ಬಾ, ಬನ್ನಿ. ವೇಗ ಹೆಚ್ಚಿಸ್ತಾ ಹೋಗಿ, ತಪ್ಪು ಮಾಡ್ದವರು ಔಟ್ ಅಲ್ಲ, ತಪ್ಪು ಮಾಡ್ದವರಿಗೆ ಮುಂದಿನ ಕಿರೀಟ. ಐದು ನಿಮಿಷದಲ್ಲಿ ಏಕವಚನ ಬಹುವಚನ ಮೈಗೇ ಹತ್ಕೊಂಡಿರುತ್ತೆ. ಆದ್ರೆ ಯಾರೋ ಒಬ್ಬರು ಖಂಡಿತ ಕೇಳ್ತಾರೆ, "ಮತ್ತೆ ಅಜ್ಜಿಗೆ ಬನ್ನಿ ಅಂತೀವಲ್ಲ, ಅಜ್ಜಿ ಒಬ್ಬರೇ ಇರೋದು?" ಒಳ್ಳೇ ಪ್ರಶ್ನೆ, ಗೌರವಕ್ಕೆ ಬಹುವಚನ ಹಾಕ್ತೀವಿ ಅಂತ ಅಲ್ಲೇ ಹೇಳಿ, ಮುಂದಿನ ಸುತ್ತಲ್ಲಿ ಕಿರೀಟದ ಬದಲು ಒಬ್ಬರಿಗೆ ಅಜ್ಜಿಯ ಕನ್ನಡಕ ಹಾಕಿ ಆಡ್ಸಿ.

ಮೂರು ನಾಲ್ಕನೇ ಕ್ಲಾಸಿಗೆ ಜೋಡಿ ಕಾರ್ಡು. ನಾನು, ನಾವು, ನೀನು, ನೀವು, ಅವನು, ಅವಳು, ಅವರು, ಅದು, ಅವು, ಒಟ್ಟು 9. ಇವಕ್ಕೆ ಜೊತೆ ಓಡಿದೆನು, ಓಡಿದೆವು, ಓಡಿದೆ, ಓಡಿದಿರಿ, ಓಡಿದನು, ಓಡಿದಳು, ಓಡಿದರು, ಓಡಿತು, ಓಡಿದವು, ಇನ್ನೊಂದು 9. 18 ಕಾರ್ಡ್ ಮಗುಚಿ ಹಾಕಿ, ಎರಡೆರಡು ತೆಗೀತಾ ಜೋಡಿ ಆದ್ರೆ ಇಟ್ಕೊಳ್ಳೋದು, ಆಗದಿದ್ರೆ ಅಲ್ಲೇ ಮಗುಚಿಡೋದು, ಗೊತ್ತಿರೋ ಆಟವೇ. ಒಂದು ನಿಯಮ ಸೇರಿಸಿ: ಜೋಡಿ ಸಿಕ್ಕ ಮೇಲೆ ಮಧ್ಯೆ ಒಂದು ಪದ ಹಾಕಿ ವಾಕ್ಯ ಮಾಡಿ ಹೇಳಿದ್ರೆ ಮಾತ್ರ ಕಾರ್ಡ್ ನಿಮ್ಮದು. "ಅವು ಕಾಡಿಗೆ ಓಡಿದವು." ಅದು/ಅವು ಹತ್ರ ತುಂಬಾ ಜನ ತಡವರಿಸ್ತಾರೆ, ಯಾಕಂದ್ರೆ ಮಾತಲ್ಲಿ "ನಾಯಿಗಳು ಓಡ್ತು" ಅಂದ್ರೂ ನಡೆದುಹೋಗುತ್ತೆ. ಎಣಿಕೆ ಬಂದಾಗ್ಲೂ ಹಾಗೇ, "ಮೂರು ಮರ ಬಿತ್ತು" ಅಂತ ಮಾತಾಡ್ತೀವಿ, ಬರೆಯುವಾಗ "ಮೂರು ಮರಗಳು ಬಿದ್ದವು" ಅಂತೀವಿ. ಹಾಗಾಗಿ ಇದು ತಪ್ಪು ಅಂತ ಬೈಬೇಡಿ, ಬರಹದಲ್ಲಿ ಹೇಗೆ ಅಂತ ಮಾತ್ರ ಕೇಳಿ.

ನಿನ್ನೆ ಏನ್ ಮಾಡ್ದೆ?

ಕಾಲಕ್ಕೆ ನೆಲದ ಮೇಲೆ ನಿನ್ನೆ, ಈಗ, ನಾಳೆ ಅಂತ ಮೂರು ಮನೆ ಬರೆದು ಕುಪ್ಪಳಿಸೋ ಆಟ ಎಲ್ಲರಿಗೂ ಗೊತ್ತು, ಅದನ್ನ ಬಿಡಿಸಿ ಹೇಳಲ್ಲ. ಕನ್ನಡದಲ್ಲಿ ಕಷ್ಟ ಇರೋದು ಭೂತಕಾಲದಲ್ಲಿ. ಓಡು ಓಡಿದ, ಹಾಡು ಹಾಡಿದ, ನೋಡು ನೋಡಿದ, ಸರಿ. ಕೊಡು? ಕೊಡಿದ ಅಲ್ಲ, ಕೊಟ್ಟ. ನಗು? ನಕ್ಕ. ಬೀಳು? ಬಿದ್ದ.

ಇದಕ್ಕೆ ಮನೆತನ ಹುಡುಕೋ ಆಟ. ಪ್ರತಿ ಮಗುವಿನ ಕೈಯಲ್ಲಿ ಒಂದು ಕ್ರಿಯಾಪದ ಬರೆದ ಚೀಟಿ: ಕೊಡು, ಇಡು, ಬಿಡು, ನೆಡು, ಸುಡು, ಓಡು, ಹಾಡು, ನೋಡು, ನಗು, ಸಿಗು, ಬರೆ, ಕರೆ, ತೊಳೆ, ಬೀಳು, ಏಳು, ಬಾ, ತಾ. ಚೀಟಿ ಯಾರಿಗೂ ತೋರಿಸೋ ಹಾಗಿಲ್ಲ. ಕ್ಲಾಸೆಲ್ಲ ಓಡಾಡ್ಕೊಂಡು ಸಿಕ್ಕವರನ್ನ "ನಿನ್ನೆ ಏನ್ ಮಾಡ್ದೆ?" ಅಂತ ಕೇಳ್ಬೇಕು, ಅವರು "ಕೊಟ್ಟೆ", "ನಕ್ಕೆ", "ಬರೆದೆ" ಅಂತ ಭೂತಕಾಲದಲ್ಲಿ ಮಾತ್ರ ಉತ್ತರ ಕೊಡ್ಬೇಕು. ಕೇಳಿದಾಗ ನನ್ನ ಥರಾನೇ ಬದಲಾಗಿದೆ ಅನ್ನಿಸಿದವರ ಕೈ ಹಿಡ್ಕೋಬೇಕು. ಕೊಟ್ಟೆ, ಇಟ್ಟೆ, ಬಿಟ್ಟೆ, ನೆಟ್ಟೆ, ಸುಟ್ಟೆ ಒಂದು ಮೂಲೆಗೆ ಸೇರುತ್ತೆ, ನಕ್ಕೆ ಸಿಕ್ಕೆ ಇನ್ನೊಂದು ಮೂಲೆಗೆ, ಬಂದೆ ತಂದೆ ಮತ್ತೊಂದಕ್ಕೆ, ಬಿದ್ದೆ ಎದ್ದೆ ಬೇರೆ ಕಡೆ. ಎಲ್ಲ ಸೇರಿದ ಮೇಲೆ ಒಂದು ಪ್ರಶ್ನೆ ಎಸೀರಿ: ಕೊಡು, ಓಡು ಎರಡೂ "ಡು" ದಲ್ಲೇ ಮುಗಿಯೋದು, ಆದ್ರೂ ಬೇರೆ ಮನೆತನ ಯಾಕೆ? ಹಸು ಮತ್ತು ಬೆಕ್ಕಿನ ಆಟ ಆಡಿದ ಮಕ್ಕಳಾದ್ರೆ ಬೇಗ ಹಿಡೀತಾರೆ, ಕೊಡು ಇಡು ಬಿಡು ಎಲ್ಲ ಗಿಡ್ಡ, ಓಡು ಹಾಡು ನೋಡು ಉದ್ದ.

ಭವಿಷ್ಯತ್ ಕಾಲಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. "ನಾಳೆ ಬರ್ತೀನಿ" ಅಂತಾನೇ ಎಲ್ಲರೂ ಮಾತಾಡೋದು, "ಬರುವೆನು" ಅನ್ನೋದು ಮಕ್ಕಳಿಗೆ ರಾಜರ ಕಥೆಯಲ್ಲಿ ಮಾತ್ರ ಸಿಗುತ್ತೆ. ಹಾಗಾದ್ರೆ ರಾಜನ್ನೇ ಕರ್ಕೊಂಡು ಬನ್ನಿ, ಒಬ್ಬ ರಾಜ, ಒಬ್ಬ ಮಂತ್ರಿ, ಇಬ್ಬರೂ ಸುಮ್ನೆ ಬೀಗ್ತಾ ಮಾತಾಡ್ಲಿ, ನಾನು ಯುದ್ಧ ಗೆಲ್ಲುವೆನು, ನೀನು ಕುದುರೆ ತರುವೆ, ಅವರು ಸೋಲುವರು. ಎರಡು ನಿಮಿಷದ ನಾಟಕ, ಮುಗೀತು.

ಮಾತಿಂದ ಬರಹಕ್ಕೆ: ವಾರ್ತೆ ಆಟ

ನೋಟ್ಬುಕ್ಕಲ್ಲಿ ಮಕ್ಕಳು ಮಾಡೋ ತಪ್ಪುಗಳಲ್ಲಿ ದೊಡ್ಡ ಪಾಲು ಮಾತಾಡೋ ಥರಾನೇ ಬರೆಯೋದು. ಮನೇಲಿ, ಹೋದ್ರು, ಬಂದ್ಳು. (ನಾನೂ ಇಲ್ಲಿ ಹಾಗೇ ಬರೀತಿದೀನಿ, ಆದ್ರೆ ನಾನು ಪರೀಕ್ಷೆ ಬರೀತಿಲ್ಲ!) ಇದಕ್ಕೆ ಇಬ್ಬಿಬ್ಬರ ಜೋಡಿ ಮಾಡಿ. ಒಂದು ಸಣ್ಣ ಘಟನೆ ಕೊಡಿ, ಆಟ ಆಡುವಾಗ ಚೆಂಡು ಮರದ ಮೇಲೆ ಸಿಕ್ಕಾಕೊಳ್ತು ಅನ್ನೋ ಥರದ್ದು. ಮೊದಲನೇ ಮಗು ಗೆಳೆಯನಿಗೆ ಹೇಳೋ ಹಾಗೆ ಹೇಳ್ಬೇಕು: "ಏ, ಚೆಂಡು ಮರದ್ಮೇಲೆ ಸಿಕ್ಕಾಕೊಂಡ್ಬಿಡ್ತು ಕಣೋ." ಎರಡನೇ ಮಗು ಅದನ್ನೇ ವಾರ್ತೆ ಓದೋರ ಥರ ಹೇಳ್ಬೇಕು: "ಆಟದ ಸಮಯದಲ್ಲಿ ಚೆಂಡು ಮರದ ಮೇಲೆ ಸಿಕ್ಕಿಹಾಕಿಕೊಂಡಿತು." ಮುಖ ಗಂಟು ಹಾಕ್ಕೊಂಡು, ಪುಸ್ತಕ ಮುಂದೆ ಹಿಡ್ಕೊಂಡು, ಗಂಭೀರವಾಗಿ. ಮಕ್ಕಳಿಗೆ ಇದ್ರ ಹುಚ್ಚು ಹಿಡಿಯುತ್ತೆ, ಬಿಡುವಿನ ಹೊತ್ತಲ್ಲೂ ವಾರ್ತೆ ಓದ್ತಿರ್ತಾರೆ. ಆಮೇಲೆ ನೋಟ್ಬುಕ್ಕಲ್ಲಿ "ಹೋದ್ರು" ಅಂತ ಕಂಡ್ರೆ ಕೆಂಪು ಗೀಟು ಎಳೆಯೋ ಬದಲು "ಇದನ್ನ ವಾರ್ತೇಲಿ ಹೇಗೆ ಓದ್ತೀಯಾ?" ಅಂದ್ರೆ ಸಾಕು, ತಾವೇ ತಿದ್ಕೋತಾರೆ. ಮಾತಿನ ರೂಪ ಕೀಳು, ಬರಹದ್ದು ಮೇಲು ಅನ್ನೋ ಭಾವನೆ ಬರ್ಲೇಬಾರದು, ಎರಡೂ ಆಟದಲ್ಲಿ ಸಮ ಸಮ.

ಲೇಖನ ಚಿಹ್ನೆನೂ ಇಲ್ಲೇ ಸೇರಿಸ್ಬಹುದು. "ಅವನು ಬಂದ" ಅನ್ನೋದ್ರ ಮುಂದೆ ಪೂರ್ಣವಿರಾಮ, ಪ್ರಶ್ನಾರ್ಥಕ, ಆಶ್ಚರ್ಯಸೂಚಕ ಚೀಟಿ ಬದಲಾಯಿಸ್ತಾ ಹೋದ ಹಾಗೆ ದನಿ ಬದಲಾಗ್ಬೇಕು, ಅಷ್ಟೇ ಆಟ.

ಗುಣವಾಚಕಕ್ಕೆ ಚೀಲದೊಳಗೆ ಏನೋ ಒಂದು ಇಟ್ಟು ಮುಟ್ಟಿ ವರ್ಣಿಸೋದು ಸಾಕು, ಹೆಸರು ಹೇಳೋ ಹಾಗಿಲ್ಲ, ಒರಟು, ತಣ್ಣನೆ, ಉದ್ದ, ಮೆತ್ತನೆ ಅಂತ ಮಾತ್ರ. ಸರ್ವನಾಮಕ್ಕೂ ಸುಲಭ, ಒಂದು ಕಥೆ ಹೇಳ್ಬೇಕು, ಆದ್ರೆ ಪಾತ್ರದ ಹೆಸರು ಒಂದೇ ಸಲ ಬಳಸ್ಬಹುದು.

ಆಡ್ಸುವಾಗ ಗಮನ ಇಡಬೇಕಾಗಿದ್ದು

ಒಂದು ಆಟಕ್ಕೆ ಹತ್ತರಿಂದ ಹದಿನೈದು ನಿಮಿಷ ಸಾಕು. ಮಕ್ಕಳು "ಇನ್ನೊಂದು ಸಲ" ಅನ್ನುವಾಗ್ಲೇ ನಿಲ್ಸಿ. ನಂತರ ಐದು ನಿಮಿಷ ನೋಟ್ಬುಕ್, ಆಟದಲ್ಲಿ ಬಂದ ಮೂರು ವಾಕ್ಯ ಬರೀಲಿ, ಆಗ ಬೋರ್ಡ್ ಮೇಲೆ ಹೆಸರು ಬರೀರಿ, ಈ "ಅನ್ನು" ಇದ್ಯಲ್ಲ, ಇದನ್ನ ದ್ವಿತೀಯಾ ವಿಭಕ್ತಿ ಪ್ರತ್ಯಯ ಅಂತಾರೆ ಅಂತ. ಈ ಬರೆಯೋ ಐದು ನಿಮಿಷ ತಪ್ಪಿಸಿದ್ರೆ ಆಟ ಬರೀ ಆಟವಾಗೇ ಉಳಿಯುತ್ತೆ, ಇದ್ರಲ್ಲಿ ರಾಜಿ ಬೇಡ.

ಔಟ್ ಆಗೋ ಆಟ ಬೇಡವೇ ಬೇಡ. ಮೊದಲು ಔಟ್ ಆಗೋದು ಯಾರು? ಯಾರಿಗೆ ಬರಲ್ವೋ ಅವರೇ. ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರು ಹತ್ತು ನಿಮಿಷ ಗೋಡೆ ಪಕ್ಕ ಕೂತು ನೋಡೋದು, ಬರೋರು ಇನ್ನಷ್ಟು ಆಡೋದು, ಇದಕ್ಕಿಂತ ಉಲ್ಟಾ ಇನ್ನೇನಿದೆ. ತಂಡ ಮಾಡಿದ್ರೆ ನಾಲ್ಕು ಜನಕ್ಕಿಂತ ಜಾಸ್ತಿ ಬೇಡ, ಜಾಸ್ತಿ ಆದ್ರೆ ಒಬ್ಬರು ಹೇಳ್ತಾರೆ ಮಿಕ್ಕವರು ಕೂಗ್ತಾರೆ. ಸರದಿ ಯಾರದ್ದೋ ಅವರೇ ಹೇಳ್ಬೇಕು, ಪಕ್ಕದವರು ಕಿವೀಲಿ ಪಿಸುಗುಟ್ಟಬಹುದು ಅನ್ನೋ ನಿಯಮ ಇಟ್ರೆ ಜಾಣ ಮಕ್ಕಳಿಗೂ ಕೆಲಸ, ಹಿಂಜರಿಯೋರಿಗೂ ಧೈರ್ಯ. ಗಲಾಟೆ ಬಗ್ಗೆ ಒಂದು ಮಾತು: ಗಲಾಟೇಲಿ ಏನು ಕೇಳ್ಸ್ತಿದೆ ಅಂತ ಕಿವಿ ಕೊಡಿ. "ನಾಯಿಯನ್ನು ಅಲ್ಲ ನಾಯಿಗೆ" ಅಂತ ಜಗಳ ಆಡ್ತಿದ್ರೆ ಅದು ಪಾಠದ ಸದ್ದು, ಸುಮ್ನೆ ಬಿಡಿ. "ಅವನು ನನ್ನ ಸರದಿ ಕಿತ್ಕೊಂಡ" ಅಂತ ಕೇಳ್ಸ್ತಿದ್ರೆ ನಿಯಮ ಸಡಿಲ ಆಗಿದೆ, ನಿಲ್ಸಿ ಸರಿ ಮಾಡಿ.

ಮೊಬೈಲು, ಪ್ರೊಜೆಕ್ಟರಲ್ಲಿ ಆಡ್ಸೋ ಕ್ವಿಜ್ ಆಟಗಳನ್ನ ಬೇಡ ಅನ್ನಲ್ಲ, ಆದ್ರೆ ಅಲ್ಲಿ ನಾಲ್ಕು ಉತ್ತರದಲ್ಲಿ ಒಂದು ಒತ್ತೋದು ಅಷ್ಟೇ, ಮಗು ಬಾಯಿಂದ ಒಂದು ವಾಕ್ಯನೂ ಹೊರಗೆ ಬರಲ್ಲ. ಕಲಿತ ಮೇಲೆ ಪರೀಕ್ಷೆ ಮಾಡ್ಕೊಳ್ಳೋಕೆ ಸರಿ, ಕಲಿಸೋಕೆ ಅಲ್ಲ. ಮತ್ತೆ ವೇಗಕ್ಕೆ ಅಂಕ ಕೊಡೋ ಆಟದಲ್ಲಿ ಯೋಚ್ನೆ ಮಾಡೋ ಮಗುನೇ ಸೋಲೋದು.

ಕಲಿತ್ರಾ ಇಲ್ವಾ ಅಂತ ಗೊತ್ತಾಗೋದು ಆಟದಲ್ಲಲ್ಲ, ಎರಡು ಮೂರು ದಿನ ಬಿಟ್ಟು ಬೇರೆ ಯಾವುದೋ ವಿಷಯಕ್ಕೆ ನಾಲ್ಕು ಸಾಲು ಬರೆಸಿದಾಗ. ಅಲ್ಲಿ "ನಾಯಿಗಳು ಓಡಿದವು" ಬಂದಿದ್ರೆ ಬಂತು. ಬರ್ಲಿಲ್ಲ ಅಂದ್ರೆ ಅದೇ ಆಟ ಮತ್ತೆ ಬೇಡ, ಅದೇ ವಿಷಯಕ್ಕೆ ಒಂದು ತಪ್ಪು ಹುಡುಕೋ ಸುತ್ತು ಮಾಡಿ. ನೀವು ಒಂದು ಕಥೆ ಗಟ್ಟಿಯಾಗಿ ಓದಿ, ಬೇಕಂತಲೇ ಅಲ್ಲಲ್ಲಿ ತಪ್ಪು ಸೇರ್ಸಿ, ಹುಡುಗಿ ಬಂದನು, ಹಕ್ಕಿಗಳು ಹಾರಿತು ಅಂತ. ಟೀಚರ್ ತಪ್ಪು ಹಿಡಿಯೋ ಅವಕಾಶ ಯಾವ ಮಗು ಬಿಡುತ್ತೆ ಹೇಳಿ, ಕೊನೇ ಬೆಂಚಿನವರೂ ನೆಟ್ಟಗೆ ಕೂತ್ಕೊಳ್ತಾರೆ. ಹಿಡಿದ್ರೆ ಸಾಲದು, ಸರಿ ರೂಪ ಹೇಳಿದ್ರೆ ಮಾತ್ರ ಅಂಕ.

ಒಂದೇ ಕಾರ್ಡ್ ಸೆಟ್ಟು ನಾಲ್ಕೈದು ಸಲ ಆದ ಮೇಲೆ ಮಕ್ಕಳಿಗೆ ಬಾಯಿಪಾಠ ಆಗ್ಬಿಡುತ್ತೆ, ಆಗ ಖಾಲಿ ರಟ್ಟು ಮತ್ತು ಸ್ಕೆಚ್ ಪೆನ್ನು ಅವರ ಕೈಗೇ ಕೊಟ್ಬಿಡಿ. ಒಂದು ತಂಡ ಮಾಡಿದ ಸೆಟ್ಟಲ್ಲಿ ಇನ್ನೊಂದು ತಂಡ ಆಡ್ಬೇಕು, ಸೆಟ್ಟಲ್ಲಿ ತಪ್ಪು ಸಿಕ್ಕಿದ್ರೆ ಆಡೋ ತಂಡಕ್ಕೆ ಎರಡು ಅಂಕ ಜಾಸ್ತಿ ಅಂತ ಮೊದಲೇ ಹೇಳಿ. ಓಡಿದೆವು ಅಂತ ಬರೆಯೋಕೆ ಮುಂಚೆ ನಾಲ್ಕು ಜನ ತಲೆ ಸೇರ್ಸಿ ಚರ್ಚೆ ಮಾಡೋದು ಅಲ್ಲಿ ಮಾತ್ರ ಕಾಣ್ಸುತ್ತೆ.